ಎಲ್ಲಿ, ಹಾ ಅನ್ನು

ಇವತ್ತು ಬೆಳಗ್ಗೆ ಬಚ್ಚಲಿಂದ ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತಿದ್ದೆ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಚಹಾದ ಬಸಿ ಹಿಡಿದು ಕೂತಿದ್ದ ಅವ್ವ ಕರೆದಳು.

“ಏ ತಮ್ಮಾ, ಇಲ್ಲಿ ಬಾ. ಎಲ್ಲಿ, ಹಾ ಅನ್ನು.”

ನಾನು ಶಹಾಪುರದ ಬಜಾರಿನಲ್ಲಿ ಬೀಜದ ಅಂಗಡಿ ಇಟ್ಟವನು. ತಲೆಯ ಮುಂಭಾಗ ಬಯಲಾಗಿದೆ, ಮೂಗಿನ ಮೇಲೆ ಕನ್ನಡಕ ಬಂದು ಕೂತಿದೆ, ರೈತರು ‘ಸಾವ್ಕಾರ್ರ’ ಎಂದು ಕರೆದು ಸಲಹೆ ಕೇಳುತ್ತಾರೆ. ಇಂಥವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಸೊಂಟ ಬಗ್ಗಿಸಿ, ಅವ್ವನ ಮುಖದ ಹತ್ತಿರ ಬಾಯಿ ತಂದು ‘ಹಾ’ ಎಂದೆ. ಅವ್ವ ಕಣ್ಣು ಮುಚ್ಚಿ ಮೂಸಿದಳು.

“ರಾತ್ರಿ ಬಳ್ಳೊಳ್ಳಿ ಖಾರ ಜಾಸ್ತಿ ತಿಂದೀದಿ. ಚರಿಗಿ ತುಂಬ ನೀರು ಕುಡದು ಅಂಗಡಿಗಿ ಹೋಗು. ಇಲ್ಲಂದ್ರ ಗಿರಾಕಿ ಬಾಗಲದಾಗಿಂದನೇ ತಿರುಗಿ ಹೋಗ್ತಾವ.”

ನಿಮ್ಮ ಮನೆಗಳಲ್ಲಿ ಬೆಳಗಾದರೆ ಹಿರಿಯರು ಏನು ಕೇಳುತ್ತಾರೋ ಗೊತ್ತಿಲ್ಲ. ನಿದ್ದೆ ಬಂತಾ ಅಂತಲೋ, ಸ್ನಾನ ಆಯಿತಾ ಅಂತಲೋ ಕೇಳುತ್ತಿರಬಹುದು. ನಮ್ಮ ಮನೆಯಲ್ಲಿ ‘ಹಾ ಅನ್ನು’ ಎಂಬುದೇ ಶುಭೋದಯ. ನಾನು ಹುಟ್ಟಿದ ಗೋಗಿಯ ಮನೆಯಲ್ಲಿ ಇದು ದಿನದ ಮೊದಲ ಕೆಲಸವಾಗಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಅವ್ವ ಕೂತಿರುತ್ತಿದ್ದಳು. ನಾವು ಅಣ್ಣ ತಮ್ಮ ಅಕ್ಕ ತಂಗಿ, ಜೊತೆಗೆ ಚಹಾದ ಆಸೆಗೆ ಬಂದ ಓಣಿಯ ಹುಡುಗರು, ಎಲ್ಲರೂ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಅವ್ವನ ಮೂಗಿಗೆ ಉಸಿರು ಬಿಡಬೇಕು. ಅವಳ ಮೂಗಿನಲ್ಲಿ ಕೆಂಪು ಹರಳಿನ ಒಂದು ಮೂಗಬಟ್ಟು. ಮೂಸುವಾಗ ಮೂಗಿನ ಹೊಳ್ಳೆ ಅರಳಿ ಆ ಕೆಂಪು ಹರಳು ಒಮ್ಮೆ ಅಲುಗುತ್ತಿತ್ತು. ಅದು ಅಲುಗಿತೆಂದರೆ ತೀರ್ಪು ಬಂತೆಂದೇ ಅರ್ಥ.

“ನೀ ಹಾಲು ಕುಡದು ಬಾಯಿ ಮುಕ್ಕಳಸಲಾರದ ಮಲಗೀದಿ.” “ನೀ ಹಲ್ಲು ತಿಕ್ಕೀದಿ, ನಾಲಿಗಿ ಬಿಟ್ಟೀದಿ.” “ನಿನ್ನ ದವಡಿ ಹಲ್ಲಿನಾಗ ಏನೋ ಸಿಕ್ಕೊಂಡದ, ತೆಗಿ.” “ನೀ ಬಾಯಿ ತೆರದು ಮಲಗ್ತಿ, ಅದಕ್ಕ ಒಣಗ್ಯಾದ.” ಇವೆಲ್ಲ ಸಣ್ಣಪುಟ್ಟ ತೀರ್ಪುಗಳು, ಉಪ್ಪುನೀರು ಮುಕ್ಕಳಿಸಿದರೆ ಮುಗಿಯಿತು. ನಾವೆಲ್ಲ ಹೆದರುತ್ತಿದ್ದದ್ದು ಇನ್ನೊಂದು ತೀರ್ಪಿಗೆ. ಅವ್ವ ಎರಡನೇ ಸಲ ಮೂಸಿ, ಹುಬ್ಬು ಗಂಟಿಕ್ಕಿ, “ಹೊಟ್ಟಿಯಾಗ ಹುಳ ಆಗ್ಯಾವ” ಅಂದಳೆಂದರೆ ಔಡಲೆಣ್ಣೆಯ ಬಾಟಲಿ ಗೋಡೆಯ ಮಾಡದಿಂದ ಕೆಳಗಿಳಿಯುತ್ತಿತ್ತು. ಕೈ ಹಿಡಿಯಲು ಒಬ್ಬರು, ಕಾಲು ಹಿಡಿಯಲು ಒಬ್ಬರು, ಮೂಗು ಹಿಡಿಯಲು ಸ್ವತಃ ಅವ್ವ. ಆಮೇಲೆ ಬಾಯಿಗೆ ಒಂದು ಚೂರು ಬೆಲ್ಲ, ಮತ್ತು ಇಡೀ ದಿನ ಹಿತ್ತಲ ದಾರಿ.

ಅವ್ವನ ಮೂಗಿಗೆ ಮೋಸ ಮಾಡಲು ನಾನು ಪಟ್ಟ ಪಾಡು ಒಂದೆರಡಲ್ಲ. ಒಮ್ಮೆ ಡಬ್ಬಿಯಿಂದ ಶೇಂಗಾ ಉಂಡಿ ಕದ್ದು ತಿಂದು, ವಾಸನೆ ಮುಚ್ಚಲು ಕಟ್ಟೆಯ ತುಳಸಿ ಎಲೆ ಜಗಿದು, ಬಹಳ ಭಕ್ತಿಯ ಮುಖ ಮಾಡಿಕೊಂಡು ಸಾಲಿನಲ್ಲಿ ನಿಂತೆ. ಅವ್ವ ಮೂಸಿ, “ಇಷ್ಟ ಮುಂಜಾನೆ ನಿನಗ ತುಳಸಿ ಯಾಕ ಬೇಕಾತೋ? ಏನು ಮುಚ್ಚಾಕತ್ತೀದಿ?” ಅಂದಳು. ಉಂಡಿಯ ವಾಸನೆ ಅವಳಿಗೆ ಬಂದಿತ್ತೋ ಇಲ್ಲವೋ, ಭಕ್ತಿಯ ವಾಸನೆ ಮಾತ್ರ ಬಂದಿತ್ತು.

ಹಾಗಂತ ನಮ್ಮ ಕಡೆಯ ಬಾಯಿಗಳು ಗುಲಾಬಿ ಹೂವಿನ ತೋಟವೇನಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಬಳ್ಳೊಳ್ಳಿ ಖಾರ, ಪಕ್ಕದಲ್ಲಿ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ. ಇದಿಷ್ಟೂ ಹೊಟ್ಟೆ ಸೇರಿದ ಮೇಲೆ ಬಾಯಿ ಸುಮ್ಮನೆ ಇರುತ್ತದೆಯೇ? ನಮ್ಮ ಶಾಲೆಗೆ ಮೈಸೂರು ಸೀಮೆಯಿಂದ ಒಬ್ಬರು ಮೇಷ್ಟ್ರು ವರ್ಗವಾಗಿ ಬಂದಿದ್ದರು. ಮಧ್ಯಾಹ್ನದ ಊಟದ ನಂತರ ತರಗತಿಗೆ ಬಂದವರೇ ಮೊದಲು ಕಿಟಕಿ ತೆರೆಯುತ್ತಿದ್ದರು, ಆಮೇಲೆ ಪುಸ್ತಕ. ನಾವೆಲ್ಲ ಒಟ್ಟಾಗಿ ‘ನಮಸ್ಕಾರ ಸರ್’ ಎಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಒಂದು ಬೇಸಿಗೆ ಕಳೆಯುವುದರೊಳಗೆ ಅವರಿಗೂ ರೊಟ್ಟಿ ಒಗ್ಗಿತು, ಅಂಗೈಯಲ್ಲಿ ಉಳ್ಳಾಗಡ್ಡಿ ಗುದ್ದುವುದನ್ನೂ ಕಲಿತರು. ಅಲ್ಲಿಂದ ಮುಂದೆ ಕಿಟಕಿಗಳು ಮುಚ್ಚಿಯೇ ಇದ್ದವು.

ಇಷ್ಟು ಅನುಭವವಿದ್ದ ಮನೆಯಲ್ಲೇ, ನಮ್ಮ ಮಗಳು ನೀಲಿಯ ಬಾಯಿ ನಾರತೊಡಗಿದಾಗ ನಾವೆಲ್ಲ ತಬ್ಬಿಬ್ಬಾದದ್ದು.

ನೀಲಿ ಎಂದರೆ ನೀಲಮ್ಮ. ಒಂದನೇ ತರಗತಿಯ ಹುಡುಗಿ, ಮಾತಿನ ಮಲ್ಲಿ. ಎದ್ದ ಕೂಡಲೇ ಊರ ಗುಡ್ಡದ ಕಡೆ ತಿರುಗಿ ಅಲ್ಲಿ ಮಲಗಿದ ಬುದ್ಧನನ್ನು ಮಾತಾಡಿಸುತ್ತಾಳೆ, “ಇನ್ನಾ ಏಳಲಿಲ್ಲೇನಪಾ?” ಅಂತ. ನೋಡದವರಿಗೆ ಹೇಳಬೇಕು, ನಮ್ಮ ಶಹಾಪುರದ ಗುಡ್ಡ ದೂರದಿಂದ ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ. ನೀಲಿ ಅಂಗಡಿಗೆ ಬಂದರೆ ರೈತರನ್ನು ಬಿಡುವುದಿಲ್ಲ. ನಿಮ್ಮ ಎತ್ತಿನ ಹೆಸರೇನು, ನಿಮ್ಮ ಮೀಸೆ ಯಾಕೆ ಬೆಳ್ಳಗಾಯಿತು ಎಂದೆಲ್ಲ ವಿಚಾರಣೆ. ಯಾದಗಿರಿಗೆ ಹೋಗುವಾಗ ಭೀಮಾ ನದಿಯ ಸೇತುವೆ ಬಂದರೆ ಕಿಟಕಿಯಿಂದ “ಭೀಮವ್ವಾ, ಆರಾಮ ಇದ್ದೀಯೇನ?” ಎಂದು ಕೂಗಲೇಬೇಕು. ‘ಸ್ವಲ್ಪ ಬಾಯಿ ಮುಚ್ಚವ್ವಾ’ ಎಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೇನೋ ದೇವರಿಗೇ ಗೊತ್ತು. ಆ ಬಾಯಿ ನಿಜವಾಗಿಯೂ ಮುಚ್ಚಿದಾಗ ನನ್ನ ಎದೆ ಒಡೆಯಿತು.

ಹೋದ ವರ್ಷ ತೊಗರಿ ರಾಶಿಯ ಹೊತ್ತು. ಗೋಗಿಯ ಹೊಲದಿಂದ ಮನೆಗೆಂದು ಒಂದು ಚೀಲ ತೊಗರಿ ಬಂದಿತ್ತು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದಳು, ನೀಲಿ ಪಕ್ಕದಲ್ಲಿ ಕಾಳಿನ ರಾಶಿಯಲ್ಲಿ ಕೈಯಾಡಿಸುತ್ತ ಮಾತಾಡುತ್ತಿದ್ದಳು. “ಹಸಿ ಕಾಳು ನುಂಗಬ್ಯಾಡ ಯವ್ವಾ, ಹೊಟ್ಟಿಯಾಗ ಗಿಡ ಹುಟ್ಟತದ” ಎಂದು ಅವ್ವ, ನನಗೆ ಹಿಂದೆ ಹೇಳಿದ್ದನ್ನೇ ಅವಳಿಗೂ ಹೇಳುತ್ತಿದ್ದಳು. ನಾನು ಕೇಳಿಸಿಕೊಂಡು ನಕ್ಕು ಅಂಗಡಿಗೆ ಹೋದೆ.

ಅದಾಗಿ ಕೆಲವು ದಿನಕ್ಕೆ ನೀಲಿಯ ಗೆಳತಿ ಶಾಹಿನ್ ನನ್ನ ಅಂಗಿಯ ಚುಂಗು ಹಿಡಿದು ಜಗ್ಗಿದಳು. ಇಬ್ಬರೂ ಒಂದೇ ಆಟೋದಲ್ಲಿ, ಒಂದೇ ಸೀಟಿನಲ್ಲಿ, ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಶಾಲೆಗೆ ಹೋಗುವವರು.

“ಅಂಕಲ್, ಒಂದ್ ಮಾತ್ ಹೇಳ್ತೀನಿ, ಗುಸ್ಸಾ ಆಗಬ್ಯಾಡ್ರಿ. ನೀಲೀದು ಬಾಯಿ ಬಾಸ್ ಬರ್ಲಾಕತ್ತದ್ರಿ, ಗಬ್ಬು ವಾಸ್ನಿ.”

ಪಾಪದ ಹುಡುಗಿ ಅದನ್ನು ಹೇಳಲು ಎಷ್ಟು ದಿನ ಯೋಚಿಸಿದ್ದಳೋ. ಮರುದಿನದಿಂದ ಅವಳು ಆಟೋದ ಆ ಕಡೆ ತುದಿಯಲ್ಲಿ ಕೂತಳು. ನೀಲಿ ಈ ಕಡೆ ತುದಿಯಲ್ಲಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಕೂತಳು. ಆ ಅಂಗೈ ಮನೆಗೆ ಬಂದ ಮೇಲೂ ಇಳಿಯಲಿಲ್ಲ.

ಮನೆಯಲ್ಲಿ ಯುದ್ಧದ ತಯಾರಿ ನಡೆಯಿತು. ಅವ್ವ ‘ಹಾ’ ಅನ್ನಿಸಿದಳು, ಮತ್ತೆ ಅನ್ನಿಸಿದಳು, ಮೂಗಬಟ್ಟು ಅಲುಗಲೇ ಇಲ್ಲ. “ಈ ವಾಸ್ನಿ ನನಗ ತಿಳೀವಲ್ದು” ಎಂದು ಅವ್ವ ಅಂದಾಗ, ಪಂಡಿತರ ಪಂಚಾಂಗವೇ ಕೈಕೊಟ್ಟ ಹಾಗಾಯಿತು ನಮಗೆ. ನನ್ನ ಹೆಂಡತಿ ಸುವರ್ಣ ಮೊದಲು ಉಳ್ಳಾಗಡ್ಡಿಯ ಮೇಲೆ ಬಿದ್ದಳು. ಮಗಳೊಬ್ಬಳಿಗೆ ಬೇಡ ಎಂದರೆ ಆಕೆಗೆ ಬೇಜಾರಾಗುತ್ತದೆಂದು ಇಡೀ ಮನೆಗೇ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಂದ್. ಹಸಿ ಉಳ್ಳಾಗಡ್ಡಿಯಿಲ್ಲದೆ ರೊಟ್ಟಿ ನುಂಗುವ ಕಷ್ಟ ನಮ್ಮ ಭಾಗದವರಿಗೆ ಮಾತ್ರ ಗೊತ್ತು. ನಾನು ಅಂಗಡಿಯ ಹಿಂದೆ, ಬೀಜದ ಚೀಲಗಳ ಮರೆಯಲ್ಲಿ ನಿಂತು ಒಂದು ಉಳ್ಳಾಗಡ್ಡಿ ಗುದ್ದಿ ತಿಂದು, ಮನೆಗೆ ಬಂದು ಅವ್ವನ ಕೈಗೆ ಸಿಕ್ಕಿಬಿದ್ದೆ.

ಹಲ್ಲಿನ ಡಾಕ್ಟರ ಬಳಿ ಹೋದೆವು. ಅವರು ಕನ್ನಡಿ ಹಾಕಿ ನೋಡಿ, “ಹಲ್ಲು ಚೊಲೊ ಅವ. ನಾಲಿಗಿ ತಿಕ್ಕಿಸ್ರಿ, ರಾತ್ರಿ ಹಾಲು ಕುಡದ ಮ್ಯಾಲ ಬಾಯಿ ತೊಳಸ್ರಿ” ಎಂದರು. ನಾಲಿಗೆ ತಿಕ್ಕಿದ್ದಾಯಿತು, ಬಾಯಿ ತೊಳೆದದ್ದಾಯಿತು. ಬೇವಿನ ಕಡ್ಡಿ, ಸೋಂಪು, ಲವಂಗ, ಉಪ್ಪುನೀರು, ಒಂದೂ ಬಿಡಲಿಲ್ಲ. ಪಕ್ಕದ ಮನೆಯವರು ಮಲಬದ್ಧತೆ ಅಂದರು, ಎದುರಿನವರು ಜಂತು ಅಂದರು, ಅಂಗಡಿಗೆ ಬಂದ ಒಬ್ಬ ಗಿರಾಕಿ ದೃಷ್ಟಿ ಅಂದ. ಅವ್ವ ಔಡಲೆಣ್ಣೆಯ ಬಾಟಲಿಗೆ ಕೈ ಹಾಕಿದಳು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಅವ್ವನಿಗೆ ಎದುರು ನಿಂತು ಅದನ್ನು ಕಸಿದುಕೊಂಡೆ. ನನ್ನ ಬಾಲ್ಯದ ಸೇಡೂ ಅದರಲ್ಲಿ ಸ್ವಲ್ಪ ಇದ್ದಿರಬಹುದು.

ವಾಸನೆ ಹೋಗಲಿಲ್ಲ. ನನಗೆ ವಾಸನೆಯ ಚಿಂತೆಗಿಂತ ಮಾತಿನ ಚಿಂತೆ ಹೆಚ್ಚಾಯಿತು. ಗುಡ್ಡದ ಬುದ್ಧನನ್ನು ಎಬ್ಬಿಸುವವರಿರಲಿಲ್ಲ. ಅಂಗಡಿಗೆ ಬಂದ ರೈತರು “ಸಣ್ಣ ಸಾವ್ಕಾರ್ತಿ ಯಾಕ ಸುಮ್ಮ ಕುಂತಾರ್ರಿ?” ಎಂದು ಕೇಳಿದರೆ ಮಗು ಎದ್ದು ಚೀಲದ ಹಿಂದೆ ಹೋಗುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ ನೀರಿನ ಬಾಟಲಿ. ಶಾಲೆಗೆ ತುಂಬಿ ಕಳಿಸಿದ್ದು ಹಾಗೆಯೇ ತುಂಬಿ ಬರುತ್ತಿತ್ತು. “ಯಾಕವ್ವಾ ನೀರು ಕುಡೀವಲ್ಲಿ?” ಎಂದು ಸುವರ್ಣ ಗದರಿದರೆ ತಲೆ ತಗ್ಗಿಸಿ ಒಂದು ಗುಟುಕು, ಅಷ್ಟೇ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅದರ ಮೇಲೆ ಮೂಗಿನ ಒಂದು ಹೊಳ್ಳೆ ಸೋರತೊಡಗಿತು. ಚಳಿಗಾಲ, ನೆಗಡಿ ಎಂದುಕೊಂಡೆವು. ಬೀಜದ ವ್ಯಾಪಾರಿಯಾದ ನಾನು ಬಿತ್ತಿದ್ದೆಲ್ಲಿ, ಬೆಳೆ ಎಲ್ಲಿ ಎಂದು ಅಷ್ಟು ಹೊತ್ತಿಗೆ ಗುರುತಿಸಬೇಕಿತ್ತು. ಬುದ್ಧಿ ಓಡಲಿಲ್ಲ.

ಕೊನೆಗೆ ಯಾದಗಿರಿಯ ಮಕ್ಕಳ ಡಾಕ್ಟರರ ಬಳಿ ಹೊರಟೆವು. ಅವ್ವನೂ ಜೊತೆಗೆ ಬಂದಳು, ಡಾಕ್ಟರರ ಮೂಗಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಭೀಮಾ ಸೇತುವೆ ಬಂತು. ನಾನು ಬೇಕೆಂದೇ ಬಸ್ಸಿನ ಕಿಟಕಿ ಸರಿಸಿದೆ. ನೀಲಿ ನೀರನ್ನು ನೋಡಿದಳು, ಬಾಯಿಯ ಮೇಲೆ ಅಂಗೈ ಇಟ್ಟುಕೊಂಡಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನನ್ನದನ್ನು ಸುವರ್ಣ ನೋಡಿದಳು.

ಡಾಕ್ಟರು ನಗುಮುಖದ ಹೆಂಗಸು. ನಮ್ಮ ಪುರಾಣವನ್ನೆಲ್ಲ ಕೇಳಿಸಿಕೊಂಡರು. ನೀಲಿ ಅಷ್ಟು ಹೊತ್ತಿಗೆ ಯಾರೂ ಹೇಳದೆಯೇ ಬಾಯಿ ಅಗಲಿಸಿ ಕೂತಿದ್ದಳು, ಪಾಪ, ಅಷ್ಟು ರೂಢಿಯಾಗಿತ್ತು.

“ಎಲ್ಲಾರೂ ನಿನಗ ಬಾಯಿ ತೆರಿ ಅಂದಾರ, ಹೌದಿಲ್ಲೊ?” ಎಂದರು ಡಾಕ್ಟರು. “ನಾ ಹಂಗ ಅನ್ನಂಗಿಲ್ಲ. ಬಾಯಿ ಮುಚ್ಚು. ಈಗ ಮೂಗಲೆ ಉಸಿರು ಬಿಡು.”

ಒಂದು ಹೊಳ್ಳೆ ಒತ್ತಿಹಿಡಿದು ಮೂಸಿದರು. ಆಮೇಲೆ ಇನ್ನೊಂದನ್ನು. ಹುಬ್ಬು ಮೇಲೇರಿತು. ಟಾರ್ಚು ಹಾಕಿ ಇಣುಕಿದರು.

“ಬಾಯಿ ಪಾಪ ಏನೂ ಮಾಡಿಲ್ರಿ. ಬಲಗಡೆ ಮೂಗಿನಾಗ ಏನೋ ಕುಂತದ.”

ಅಷ್ಟು ಸಾಕಾಯಿತು. ನೀಲಿ ಹೋ ಎಂದು ಅತ್ತಳು. ಅಳುವಿನ ಮಧ್ಯೆ ಒಂದೊಂದಾಗಿ ಮಾತು ಹೊರಬಿತ್ತು. “ತೊಗರಿ ಕಾಳ್ರಿ... ಗಿಡ ಬಂದದೇನ್ರಿ ಡಾಕ್ಟ್ರ? ನಾ ನೀರು ಹಾಕಿಲ್ರಿ. ಖರೇ, ನೀರು ಕುಡದೇ ಇಲ್ರಿ.”

ಯಾರಿಗೂ ಏನೂ ತಿಳಿಯಲಿಲ್ಲ. ಡಾಕ್ಟರು ಮೆತ್ತಗೆ ಕೇಳುತ್ತ ಹೋದರು. ಅವ್ವ ತೊಗರಿ ಕೇರುತ್ತಿದ್ದ ದಿನ ನೀಲಿ ಒಂದು ದುಂಡನೆಯ ಕೆಂಪು ಕಾಳು ಆರಿಸಿ ಮೂಗಿನ ಹೊಳ್ಳೆಗೆ ಅಂಟಿಸಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು, ಥೇಟು ಆಯಿಯ, ಅಂದರೆ ಅಜ್ಜಿಯ, ಮೂಗಬಟ್ಟಿನಂತೆ. ಹೊರಗೆ ಅಂಟಿಸಿದ್ದು ನಿಲ್ಲಲಿಲ್ಲ, ಅದಕ್ಕೆ ಸ್ವಲ್ಪ ಒಳಗೆ ಒತ್ತಿದಳು. ಇನ್ನೂ ಸ್ವಲ್ಪ ಒತ್ತಿದಳು. ಕಾಳು ಕಾಣೆಯಾಯಿತು. ಹೊಟ್ಟೆಗೆ ಹೋದ ಕಾಳೇ ಗಿಡವಾಗುತ್ತದಂತೆ, ಇನ್ನು ಮೂಗಿನಲ್ಲಿ ಬೆಳೆದರೆ? ಎಲೆ ಕಣ್ಣಿಗೆ ಬರುತ್ತದೋ, ಕಾಯಿ ಬಾಯಿಗೆ ಬರುತ್ತದೋ? ರೈತರ ಮನೆತನದ ಹುಡುಗಿ, ಬೀಜದಂಗಡಿಯಲ್ಲಿ ಆಡಿದವಳು, ಒಂದೇ ಉಪಾಯ ಹೊಳೆದಿದೆ: ನೀರು ಹಾಯಿಸಬಾರದು. ಅಂದಿನಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ.

ಅವ್ವ ತನ್ನ ಮೂಗಬಟ್ಟನ್ನು ಮುಟ್ಟಿಕೊಂಡಳು. ಆಮೇಲೆ ಮೊಮ್ಮಗಳನ್ನು ಎಳೆದು ತಬ್ಬಿ, “ಹುಚ್ಚವ್ವಾ, ತೊಗರಿಗಿ ಎಲ್ಲಿ ನೀರು ಬೇಕಲೇ? ಅದು ಬರೇ ಮಂಜಿಗೇ ಬೆಳೀತದ” ಅಂದಳು. ನೀಲಿ ಇನ್ನೂ ಜೋರಾಗಿ ಅತ್ತಳು. ಡಾಕ್ಟರು ಮೇಜು ತಟ್ಟಿ ನಕ್ಕರು.

ಮೂಗಿನಲ್ಲಿ ಕಾಳೋ ಮಣಿಯೋ ಸೇರಿ ನಾತ ಬಂದರೆ ಎಲ್ಲರೂ ಬಾಯಿಯನ್ನೇ ಬೈಯುತ್ತಾರೆಂದೂ, ಒಂದೇ ಹೊಳ್ಳೆ ಸೋರಿದರೆ ಅಲ್ಲಿ ಇಣುಕಿ ನೋಡಬೇಕೆಂದೂ, ನೀರು ಕುಡಿಯದೆ ಬಾಯಿ ಒಣಗಿದ್ದರಿಂದ ವಾಸನೆ ಇಮ್ಮಡಿಯಾಯಿತೆಂದೂ ಅವರು ತಿಳಿಸಿ ಹೇಳಿದರು. “ಮನ್ಯಾಗ ಕಡ್ಡಿ ಪಿನ್ನು ಹಾಕಿ ತೆಗೀಲಾಕ ಹೋಗಬ್ಯಾಡ್ರಿ ಮತ್ತ, ಇನ್ನಾ ಒಳಗ ಹೋಗ್ತದ. ಮೊದಲ ಒಂದು ಹಗುರ ಉಪಾಯ ಮಾಡಿ ನೋಡೂಣು. ಮನಿಯವರೇ ಬಾಯಿಗಿ ಬಾಯಿ ಹಚ್ಚಿ ಫುಕ್ ಅಂತ ಊದಬೇಕು. ಖಾಲಿ ಇರೋ ಹೊಳ್ಳಿ ನಾ ಮುಚ್ಚಿ ಹಿಡೀತೀನಿ. ಯಾರು ಊದ್ತೀರಿ?”

ಯಾವ ಬಾಯಿಗೆ ಹೆದರಿ ಊರೇ ಸರಿದು ಕೂತಿತ್ತೋ ಅದಕ್ಕೇ ಬಾಯಿ ಹಚ್ಚಬೇಕು! ನಾನು ಮುಂದೆ ಬಂದೆ. ಬಾಯಿ ಹಚ್ಚಿದೆ. ನನ್ನ ಮೀಸೆ ತಾಗಿ ಅಳುತ್ತಿದ್ದ ಹುಡುಗಿಗೆ ಕಚಗುಳಿಯಾಗಿ ಕಿಸಕ್ಕನೆ ನಕ್ಕಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ನನಗೂ ನಗು ತಡೆಯಲಿಲ್ಲ, ಊದಿದ ಗಾಳಿಯೆಲ್ಲ ಪಕ್ಕದಿಂದ ಪುಸ್ಸೆಂದು ಹೋಯಿತು.

“ಸರಿ ಆಕಡಿ,” ಎಂದು ಅವ್ವ ನನ್ನನ್ನು ಮೊಣಕೈಯಿಂದ ನೂಕಿದಳು. “ಹಸಿ ಕಟ್ಟಿಗಿ ಒಲಿ ಊದಿದ ಬಾಯಿ ಇದು. ನಿನ್ನಿಂದ ಏನಾಗ್ತದ?”

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನೀಲಿಯ ಎರಡೂ ಗಲ್ಲ ಹಿಡಿದು, ಹಿಂಜರಿಯದೆ, ಬಾಯಿಗೆ ಬಾಯಿ ಗಟ್ಟಿಯಾಗಿ ಒತ್ತಿ, ಒಲೆಯ ಮುಂದೆ ಊದುಗೊಳವೆ ಹಿಡಿದವಳ ಹಾಗೆ ಒಂದೇ ಸಲ ‘ಫುಕ್’ ಎಂದಳು.

ಕಾಳು ಸಿಡಿದು ಡಾಕ್ಟರರ ಬಿಳಿ ಕೋಟಿಗೆ ಬಡಿದು ಮೇಜಿನ ಮೇಲೆ ಬಿತ್ತು. ನೆನೆದು ದಪ್ಪಗಾಗಿತ್ತು, ಸಿಪ್ಪೆ ಬಿರಿದಿತ್ತು, ನಾತ ಕೇಳಬೇಡಿ.

“ಮೊಳಕಿ ಒಡದದ ನೋಡ್ರಿ!” ಎಂದು ಅವ್ವ ಕೂಗಿದಳು.

“ಮೊಳಕಿ ಅಲ್ಲವ್ವಾ, ಬರೇ ಸಿಪ್ಪಿ ಬಿರದದ,” ಎಂದೆ ನಾನು. ಈ ಒಂದು ವಿಷಯದಲ್ಲಾದರೂ ನನ್ನ ಮಾತು ನಡೆಯಲಿ ಎಂದು ನನ್ನ ಆಸೆ. ನಡೆಯಲಿಲ್ಲ. ಇಂದಿಗೂ ಊರಲ್ಲೆಲ್ಲ ಅವ್ವ ಹೇಳುವ ಕಥೆಯಲ್ಲಿ ಎರಡು ಎಲೆ ಬಂದಿರುತ್ತವೆ.

ಡಾಕ್ಟರು ಮೂಗು ಸ್ವಚ್ಛ ಮಾಡಿ, ಔಷಧ ಬರೆದುಕೊಟ್ಟು, “ಇನ್ನ ಎಷ್ಟ ಬೇಕಾದರ ನೀರು ಕುಡಿ” ಎಂದರು. ನೀಲಿ ಅಲ್ಲೇ ನಿಂತು ಬಾಟಲಿಯನ್ನು ಗಟಗಟ ಖಾಲಿ ಮಾಡಿದಳು. ನೀರಿನ ಬೆನ್ನಿಗೇ ಮಾತು ಬಂತು. ಆಸ್ಪತ್ರೆಯ ಮೆಟ್ಟಿಲಿಂದ ಶುರುವಾದದ್ದು ಬಸ್ ನಿಲ್ದಾಣದಲ್ಲಿ ನಿಲ್ಲಲಿಲ್ಲ, ಬಸ್ಸಿನಲ್ಲಿ ನಿಲ್ಲಲಿಲ್ಲ. ಭೀಮಾ ಸೇತುವೆಯ ಮೇಲೆ ತಲೆ ಕಿಟಕಿಗೆ ಹಚ್ಚಿ, “ಭೀಮವ್ವಾ, ನಾ ನೀರು ಕುಡದೀನಿ, ನನ್ನ ಮೂಗಿನಾಗಿನ ತೊಗರಿ ಹೋತು” ಎಂದು ನದಿಗೆ ವರದಿ ಒಪ್ಪಿಸಿದಳು. ಮುಂದಿನ ಸೀಟಿನವರು ತಿರುಗಿ ನೋಡಿ, “ಏನ್ ಕೂಸ್ರಿ ಇದು, ಬಾಯಿ ಮುಚ್ಚಂಗಿಲ್ಲೇನು?” ಅಂದರು.

“ಮುಚ್ಚಂಗಿಲ್ರಿ,” ಎಂದೆ ನಾನು. ಅಷ್ಟು ಹೆಮ್ಮೆಯಿಂದ ನಾನು ಬೇರೆ ಯಾವ ಮಾತನ್ನೂ ಹೇಳಿದ ನೆನಪಿಲ್ಲ.

ವಾಸನೆ ಹೋಗಲು ಕೆಲವು ದಿನ ಹಿಡಿಯಿತು. ಒಂದು ಬೆಳಗ್ಗೆ ಆಟೋ ಬಂದಾಗ ಶಾಹಿನ್ ಆ ತುದಿಯಿಂದ ಜಾರಿ ಈ ತುದಿಗೆ ಬಂದು, ನೀಲಿಯ ಮುಖದ ಮುಂದೆ ಮುಖ ತಂದು, “ಹಾ ಬೋಲ್” ಅಂದಳು. ನೀಲಿ ಹೇಳಿದಳು. “ಠೀಕ್ ಹೈ,” ಎಂದು ಶಾಹಿನ್ ಹೆಗಲ ಮೇಲೆ ಕೈ ಹಾಕಿದಳು. ಆ ರಾತ್ರಿ ನಮ್ಮ ಮನೆಗೆ ಉಳ್ಳಾಗಡ್ಡಿ ಮರಳಿ ಬಂತು. ನಾನು ಗುದ್ದಿದ ಗುದ್ದಿಗೆ ತಾಟು ಎಗರಿತು.

ಹೇಳಲು ಹೊರಟದ್ದು ಇವತ್ತಿನ ಬೆಳಗಿನ ಸಂಗತಿ, ಎಲ್ಲಿಗೋ ಹೋಗಿಬಿಟ್ಟೆ. ನನ್ನ ಪರೀಕ್ಷೆ ಮುಗಿದು ನಾನು ಚರಿಗೆ ಹುಡುಕುತ್ತಿದ್ದೆ. ಶಾಲೆಯ ಸಮವಸ್ತ್ರ ತೊಟ್ಟ ನೀಲಿ ಬಂದು ಅವ್ವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಆಯೀ, ಎಲ್ಲಾರದೂ ನೋಡ್ತಿ. ಈಗ ನೀ ಹಾ ಅನ್ನು.”

“ನಾ ಯಾಕ ಅನ್ನಲಿ?”

“ಅನ್ನು ಅಂದ್ರ ಅನ್ನು.”

ಅವ್ವ ಅಂದಳು. ನೀಲಿ ಕಣ್ಣು ಮುಚ್ಚಿ ಮೂಸಿದಳು. ಬಾಯಿ ಮುಚ್ಚಿಸಿ, ಒಂದೊಂದೇ ಹೊಳ್ಳೆ ಒತ್ತಿ, ಡಾಕ್ಟರರ ಹಾಗೆಯೇ ಮೂಗನ್ನೂ ಪರೀಕ್ಷಿಸಿದಳು. ಆಮೇಲೆ ಒಳಗಿದ್ದ ತಾಯಿಗೆ ಕೇಳುವ ಹಾಗೆ ಕೂಗಿದಳು: “ಅವ್ವಾ, ಆಯಿ ಶೇಂಗಾ ಉಂಡಿ ತಿಂದಾಳ! ಸಕ್ಕರಿ ಬ್ಯಾನಿ ಇಟ್ಕೊಂಡು ಬೆಲ್ಲ ತಿಂದಾಳ!”

ಸುವರ್ಣ ಡಬ್ಬಿ ತೆರೆದು ನೋಡಲು ಓಡಿದಳು. ಅವ್ವ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬಸಿ ಕೆಳಗಿಟ್ಟು ನೀಲಿಯ ಗಲ್ಲ ಹಿಡಿದು ಅವಳನ್ನೇ ನೋಡುತ್ತ ಕೂತಳು. ಕಣ್ಣು ತುಂಬಿಕೊಂಡಿತ್ತು, ಬಾಯಿ ನಗುತ್ತಿತ್ತು.

“ಇಷ್ಟು ವರ್ಷ ಎಲ್ಲಾರ ಬಾಯಿ ನಾ ಮೂಸೀನಿ ತಮ್ಮಾ,” ಎಂದಳು ನನ್ನ ಕಡೆ ತಿರುಗಿ. “ನನ್ನ ಬಾಯಿ ಯಾರೂ ಮೂಸಿದ್ದಿಲ್ಲ ನೋಡು.”

ಮತ್ತೆ ಮೊಮ್ಮಗಳ ಹತ್ತಿರ ಬಗ್ಗಿ, ಯಾರೂ ಕೇಳದಿದ್ದರೂ ಇನ್ನೊಮ್ಮೆ ಬೊಚ್ಚು ಬಾಯಿ ತುಂಬ ತೆರೆದು ‘ಹಾ’ ಅಂದಳು.